ಮೊಳೆ ತಿಳಿಯದ ಅಂಗೈ

"ಯಾವ ಬೋಳಿಮಗಳ ಕೆಲಸ ಇದು? ಈ ತೊಲೆಗೆ ಕೈ ಆಡಿಸಿದ್ದು ಯಾರು? ಬಾಯಿ ಬಿಡಿ, ಬೇವರ್ಸಿಗಳಾ! ಬಾಯಲ್ಲಿ ಎಂತ ಹೂಳಿಟ್ಟುಕೊಂಡಿದ್ದೀರಿ?"

ಸೂಪರ್‌ವೈಸರ್ ಶೇಖರ ಶೆಡ್ಡಿನ ತಗಡು ಹಾರಿಹೋಗುವ ಹಾಗೆ ಅರಚುತ್ತಿದ್ದ. ಗರಗಸದ ಯಂತ್ರ ನಿಂತುಹೋಗಿತ್ತು. ಜರ್ಮನಿಯಿಂದ ಹಡಗಿನಲ್ಲಿ ಬಂದ ಬ್ಲೇಡು ಎರಡು ತುಂಡಾಗಿ, ಒಂದು ತುಂಡು ಹೋಗಿ ತಗಡಿನ ಗೋಡೆಯಲ್ಲಿ ನಾಟಿಕೊಂಡಿತ್ತು. ಇನ್ನೊಂದು, ಗರಗಸ ನಡೆಸುವ ಮುದುಕ ಐತನ ಕಿವಿ ಸವರಿಕೊಂಡು ಹೋಗಿತ್ತು. ಎರಡು ಬೆರಳು ಈಚೆ ಬಂದಿದ್ದರೆ ಕಣ್ಣೇ ಹೋಗುತ್ತಿತ್ತು. ಐತ ಮರದ ಹೊಟ್ಟಿನ ಗುಡ್ಡೆಯ ಮೇಲೆ ಕೂತು ಟವೆಲಿನಿಂದ ಕಿವಿ ಒತ್ತಿ ಹಿಡಿದಿದ್ದ. ಟವೆಲು ಕೆಂಪಗಾಗುತ್ತಿತ್ತು.

ಹದಿನಾಲ್ಕು ಹೆಂಗಸರು ನೆಲ ನೋಡುತ್ತ ನಿಂತಿದ್ದರು. ತೊಲೆಯ ತುದಿಯಲ್ಲಿ ಸುಣ್ಣದಿಂದ ಎಳೆದ ಮೂರು ಗೆರೆ ಎಲ್ಲರಿಗೂ ಕಾಣುತ್ತಿತ್ತು. ಮೊಳೆ ಕಿತ್ತು ಮುಗಿದ ತೊಲೆಗೆ ಕಿತ್ತವಳು ತನ್ನ ಗುರುತು ಹಾಕಬೇಕು, ಅದು ಅಲ್ಲಿನ ಪದ್ಧತಿ. ಮೂರು ಗೆರೆ ಯಾರದೆಂದು ಶೇಖರನಿಗೆ ಗೊತ್ತಿಲ್ಲದೆ ಏನಿಲ್ಲ. ಆದರೂ ಅವಳ ಬಾಯಿಂದಲೇ ಬರಲಿ ಎಂದು ಅವನ ಹಟ.

"ನಂದೇ ಅದ ರೀ," ಅಂದಳು ಕಾಶವ್ವ.

"ನಿಂದಾ! ನಿನ್ನನ್ನು ಇಟ್ಟುಕೊಂಡದ್ದು ಮೊಳೆ ಕೀಳ್ಲಿಕ್ಕಾ, ಮೊಳೆ ಹೆರ್ಲಿಕ್ಕಾ? ಬಾ ಇಲ್ಲಿ. ನೋಡು. ಇದು ಎಂತದು? ನಿನ್ನ ಅಪ್ಪ ಬಂದು ಹೊಡೆದ ಮೊಳೆಯಾ?"

ಕಾಶವ್ವ ಹೋಗಿ ಬಗ್ಗಿ ನೋಡಿದಳು. ಸೀಳಿದ ಮರದ ನಡುವೆ ಮೊಳೆ ಬ್ಲೇಡು ತಾಗಿದ ಕಡೆ ಹೊಳೆಯುತ್ತಿತ್ತು. ಅದರ ಮೇಲೆ ಹೆಬ್ಬೆರಳಿಟ್ಟು ಉಜ್ಜಿದಳು. ಮೊಳೆಯೂ ಒಂದೇ, ಮರವೂ ಒಂದೇ. ಇನ್ನೊಮ್ಮೆ ಉಜ್ಜಿದಳು. ಹೆಬ್ಬೆರಳು ಕೊಯ್ದು ಹನಿ ರಕ್ತ ಮರದ ಮೇಲೆ ಬಿದ್ದಾಗಲೇ ಗಾಯವಾಗಿದೆಯೆಂದು ಅವಳಿಗೆ ತಿಳಿದದ್ದು. ಅದನ್ನು ಯಾರೂ ನೋಡಬಾರದೆಂದು ಸೆರಗಿನಲ್ಲಿ ಮುಚ್ಚಿಕೊಂಡಳು.

ಬಾಂಬೆಯ ವಿಲೆ ಪಾರ್ಲೆಯ ಆ ಕಾಲೇಜಿನವರು ಕಲ್ಲಿನ ಹಳೇ ಬಿಲ್ಡಿಂಗಿನ ಹಿಂದೆ ಮೂರು ಮಾಳಿಗೆಯ ಲೈಬ್ರರಿ ಕಟ್ಟಿಸುತ್ತಿದ್ದರು. ಅದೂ ಪೂರ್ತಿ ಮರದಲ್ಲೇ. ಸಿಮೆಂಟು ಬೇಡ, ಕಬ್ಬಿಣ ಬೇಡ, ಇದಕ್ಕಾಗಿ ಕಾಡಿನ ಒಂದು ಗಿಡವನ್ನೂ ಕಡಿಯಕೂಡದು ಎಂದು ಆರ್ಕಿಟೆಕ್ಟ್ ಜಯಸಿಂಹನ ಪಣ. ಗಿರಗಾಂವ್, ಲಾಲ್‌ಬಾಗ್ ಕಡೆ ಕೆಡವುತ್ತಿದ್ದ ಹಳೆಯ ಚಾಳುಗಳ ತೇಗದ ತೊಲೆಗಳು ಲಾರಿಯಲ್ಲಿ ಬಂದು ಬೀಳುತ್ತಿದ್ದವು. ಅವನ್ನು ತೆಳ್ಳಗೆ ಹಲಗೆ ಸೀಳಿ, ಗೆದ್ದಲು ಹತ್ತದ ಹಾಗೆ ಮದ್ದಿನಲ್ಲಿ ಅದ್ದಿ ಒಣಗಿಸಿ, ಹಲಗೆಯ ಮೇಲೆ ಹಲಗೆ ಅಂಟಿಸಿ ಯಂತ್ರದಲ್ಲಿ ಒತ್ತಿದರೆ ಆನೆ ಕಾಲಿನಂಥ ಹೊಸ ಕಂಬ. ಇನ್ನು ಮುಂದೆ ಲೋಕವೆಲ್ಲ ಹೀಗೇ ಕಟ್ಟಬೇಕೆಂದು ಇಂಗ್ಲಿಷ್ ಪೇಪರಿನವರು ಫೋಟೋ ಸಮೇತ ಬರೆದಿದ್ದರು. ಸರಿಯೇ. ಆದರೆ ಇಷ್ಟೆಲ್ಲಕ್ಕೂ ಮೊದಲು ಯಾರಾದರೂ ಮೊಳೆ ಕೀಳಬೇಕಲ್ಲ!

ನೂರು ವರ್ಷ ಜನ ಬಾಳಿದ ಚಾಳಿನ ತೊಲೆಯಲ್ಲಿ ಎಷ್ಟು ಮೊಳೆ ಇರುತ್ತವೆಂದು ಕೇಳಬೇಡಿ. ತೊಟ್ಟಿಲಿಗೊಂದು, ಗಡಿಯಾರಕ್ಕೊಂದು, ದೇವರ ಪಟಕ್ಕೆ, ಬಟ್ಟೆಯ ಹಗ್ಗಕ್ಕೆ, ಸತ್ತವರ ಫೋಟೋಕ್ಕೆ. ಕಣ್ಣಿಗೆ ಕಾಣುವುದನ್ನು ಇಕ್ಕಳದಲ್ಲಿ ಯಾರು ಬೇಕಾದರೂ ಕಿತ್ತಾರು. ತಲೆ ಮುರಿದು, ತುಕ್ಕು ಹಿಡಿದು, ಮೇಲೆ ಹತ್ತು ಸಲ ಬಣ್ಣ ಬಳಿಸಿಕೊಂಡು ಮರದೊಳಗೇ ಮುಚ್ಚಿಹೋದದ್ದನ್ನು ಅಂಗೈಯೇ ಹುಡುಕಬೇಕು. ತೊಲೆಯ ಉದ್ದಕ್ಕೂ ಒಮ್ಮೆ ಹೋಗುತ್ತ, ಒಮ್ಮೆ ಬರುತ್ತ ಸವರಿದರೆ ಎಲ್ಲೋ ಒಂದು ಕಡೆ ಮರ ಅನ್ನುವುದು ಮರದ ಹಾಗೆ ಇರುವುದಿಲ್ಲ. ಅಲ್ಲಿ ಉಳಿ ಇಟ್ಟರೆ ಮೊಳೆ. ಕಾಶವ್ವನ ಅಂಗೈ ಅದರಲ್ಲಿ ಎತ್ತಿದ ಕೈ. ಕಲಬುರ್ಗಿ ಕಡೆಯ ಹೊಲಗೇರಿಯ ಹೆಣ್ಣು, ಲಾಲ್‌ಬಾಗಿನಲ್ಲಿ ಚಾಳಿನ ಗೋಡೆ ಕೆಡವುವಾಗ ಅದರಡಿ ಗಂಡನನ್ನು ಕಳಕೊಂಡವಳು, ಅವಳಿಗೆ ಈ ಊರಿನಲ್ಲಿ ಇದ್ದ ಆಸ್ತಿಯೆಂದರೆ ಅದೊಂದೇ ಅಂಗೈ. "ಮೂರು ಗೆರೆ ಉಂಟಾ? ಹಾಗಾದ್ರೆ ಕಣ್ಣು ಮುಚ್ಚಿ ಗರಗಸಕ್ಕೆ ಕೊಡಬಹುದು ಮಾರಾಯ್ರೆ," ಎನ್ನುತ್ತಿದ್ದ ಐತ. ಅವನು ಮಂಗಳೂರಿನ ಕಡೆಯವನು, ನಲವತ್ತು ವರ್ಷ ಗರಗಸದ ಮುಂದೆ ನಿಂತು ಹತ್ತೂ ಬೆರಳು ಉಳಿಸಿಕೊಂಡವನು.

ಆ ಅಂಗೈ ಸತ್ತು ಎರಡು ತಿಂಗಳಾಗಿತ್ತು.

ಮೊದಮೊದಲು ಇರುವೆ ಹರಿದ ಹಾಗೆ ಆಗುತ್ತಿತ್ತು. ಆಮೇಲೆ ಚರ್ಮ ದಪ್ಪಗಾಯಿತು. ಆಮೇಲೆ ಏನೂ ಇಲ್ಲ. ಬೆಳಿಗ್ಗೆ ಮೊಳೆ ಕಿತ್ತ ಹೆಂಗಸರೇ ಮಧ್ಯಾಹ್ನದ ಮೇಲೆ ಮದ್ದು ತುಂಬಿದ ಟಾಕಿಯಲ್ಲಿ ಹಲಗೆ ಅದ್ದಬೇಕು. ಹಸಿರು ನೀರು, ಮೊಣಕೈವರೆಗೆ. "ಬೇವಿನ ಕಷಾಯ, ನಿಮ್ಮ ಕಜ್ಜಿ ತುರಿಯೂ ವಾಸಿಯಾಗ್ತದೆ," ಎಂದಿದ್ದ ಶೇಖರ. ಡ್ರಮ್ಮಿನ ಮೇಲೆ ತಲೆಬುರುಡೆಯ ಚಿತ್ರವಿತ್ತು. ಅದರ ಮೇಲೆ ಅವನು ಗೋಣಿಚೀಲ ಹೊದಿಸಿದ್ದ. ಅದ್ದಿದ ಹಲಗೆಯ ತುದಿ ಕತ್ತರಿಸಿದಾಗ ಬೀಳುವ ಹಸಿರು ತುಂಡುಗಳನ್ನು ಹೆಂಗಸರು ಉಡಿಯಲ್ಲಿ ತುಂಬಿಕೊಂಡು ಒಯ್ಯುತ್ತಿದ್ದರು. ರೇಷನ್ ಸೀಮೆಎಣ್ಣೆಗೆ ಯಾರು ಕ್ಯೂ ನಿಲ್ಲಬೇಕು? ತೇಗದ ಕಟ್ಟಿಗೆ, ಪುಕ್ಕಟೆ, ಧಗಧಗ ಉರಿಯುತ್ತದೆ. ಅದರ ಮೇಲೇ ರೊಟ್ಟಿ, ಅದರ ಬೂದಿಯಲ್ಲೇ ಪಾತ್ರೆ, ಬೆಳಿಗ್ಗೆ ಅದೇ ಬೂದಿಯಲ್ಲಿ ಹಲ್ಲು. ರೊಟ್ಟಿ ಈಚೆಗೆ ತಾಮ್ರ ನೆಕ್ಕಿದ ಹಾಗಿರುತ್ತದೆಂದು ಎಲ್ಲರಿಗೂ ಅನ್ನಿಸುತ್ತಿತ್ತು. ಬಾಂಬೆಯ ಜೋಳವೇ ಹಾಗೆ ಎಂದು ತಿನ್ನುತ್ತಿದ್ದರು.

ಕಾಶವ್ವ ಯಾರಿಗೂ ಹೇಳಲಿಲ್ಲ. ಹೇಗೆ ಹೇಳುತ್ತಾಳೆ? ಚುಚ್ಚಿದರೆ ತಿಳಿಯದ ಕೈ ಎಂದರೆ ಜನಕ್ಕೆ ಒಂದೇ ಅರ್ಥ: ದೊಡ್ಡ ರೋಗ, ಕುಷ್ಠ. ಅವಳ ಊರಿನಲ್ಲಿ ಸಾಬವ್ವ ಎಂಬವಳನ್ನು ಹಾಗೆಂದೇ ಹೊಲದ ಅಂಚಿನ ಗುಡಿಸಲಿಗೆ ಹಾಕಿದ್ದರು, ಹೊಲಗೇರಿಯವರೇ. ಊರು ಹೊರಗಿಟ್ಟವರು ತಾವೂ ಒಬ್ಬಳನ್ನು ಹೊರಗಿಟ್ಟಿದ್ದರು. ಹಾಗಾಗಿ ಕಾಶವ್ವ ಒಂದು ಉಪಾಯ ಮಾಡಿದ್ದಳು. ಅಂಗೈ ಆಡಿಸುವ ನೆವದಲ್ಲಿ ಬಗ್ಗಿ, ಕೆನ್ನೆಯನ್ನು ತೊಲೆಗೆ ಒತ್ತಿ ಸವರುವುದು. ಕೆನ್ನೆಯಲ್ಲಿ ಇನ್ನೂ ಜೀವವಿತ್ತು. ಎರಡು ತಿಂಗಳು ಅವಳು ಮೊಳೆ ಹುಡುಕಿದ್ದು ಕೆನ್ನೆಯಿಂದ. ಈ ಬೆಳಿಗ್ಗೆ ಶೇಖರ ಬೀಡಿ ಸೇದುತ್ತ ಅವಳ ಎದುರಿಗೇ ನಿಂತುಬಿಟ್ಟ. ಅವನ ಕಣ್ಣೆದುರು ಮುಖ ಒತ್ತುವುದು ಹೇಗೆ? ಬರೀ ಅಂಗೈ ಆಡಿಸಿದಳು, ಮೂರು ಗೆರೆ ಎಳೆದಳು.

ಅವಳು ಐತನ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು.

"ನಂದು ತಪ್ಪಾತು ಅಣ್ಣಾ."

"ಕಿವಿ ಹೋದ್ರೆ ಎಂತ, ಕೇಳ್ಲಿಕ್ಕೆ ಒಳ್ಳೆ ಮಾತು ಯಾವುದುಂಟು ಇಲ್ಲಿ?" ಐತ ನಗಲು ನೋಡಿದ. ಆಮೇಲೆ ದನಿ ತಗ್ಗಿಸಿದ. "ನಿಮ್ಮ ಕೈಗೆ ಎಂತ ಆಯ್ತು ಕಾಶಕ್ಕ? ಸತ್ಯ ಹೇಳಿ."

ಅವಳು ಹೇಳುವಷ್ಟರಲ್ಲಿ ಜಯಸಿಂಹ ಬಂದ. ಖಾದಿ ಜುಬ್ಬಾ, ಹೆಗಲಿಗೆ ಬಟ್ಟೆಯ ಚೀಲ, ಬಗಲಲ್ಲಿ ಸುರುಳಿ ಸುತ್ತಿದ ನಕ್ಷೆ. ಬೆಂಗಳೂರಿನವನು. ಕೂಲಿಯವರೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದ. ಬಾಂಬೆಯಲ್ಲಿ ಕನ್ನಡ ಕಿವಿಗೆ ಬೀಳುವುದೇ ಭಾಗ್ಯ ಎಂದು ಒಮ್ಮೆ ಅವರಿಗೇ ಹೇಳಿದ್ದ.

"ಏನ್ರೀ ಶೇಖರ್ ಇದು? ನಾಲ್ಕು ಗಂಟೆಗೆ ಗೆಸ್ಟ್‌ಗಳು ಬರ್ತಿದಾರೆ. ಪ್ರೈಜ್ ಕಮಿಟಿಯೋರು, ಫಾರಿನ್ನಿಂದ. ಇವತ್ತೇ ಬ್ಲೇಡ್ ಮುರೀಬೇಕಿತ್ತಾ?"

"ಈ ಹೆಂಗಸು ಸಾರ್. ಇವಳಿಂದ."

ಕಾಶವ್ವ ಎದ್ದು ನಿಂತಳು. ಬಚ್ಚಿಡುವುದು ಇನ್ನೇನು ಉಳಿದಿದೆ? ಎರಡೂ ಅಂಗೈ ಅವನ ಮುಂದೆ ಚಾಚಿದಳು.

"ಸಾಹೇಬ್ರ, ಕೈಯಾಗ ಜೀವಾನೇ ಇಲ್ರೀ. ಟಾಕಿ ನೀರಾಗ ಅದ್ದಿ ಅದ್ದಿ ಹಿಂಗಾಗ್ಯಾವ. ಆ ನೀರಾಗ ಏನದ ರೀ?"

ಜಯಸಿಂಹ ನೋಡಲು ಬಗ್ಗಿದ. ಗಂಟುಗಟ್ಟಿದ ಚರ್ಮ, ಕೊಯ್ದ ಹೆಬ್ಬೆರಳು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

"ಅದರಲ್ಲೇನಿಲ್ಲಮ್ಮ. ಮರಕ್ಕೆ ಹಾಕೋ ಮದ್ದು ಅಷ್ಟೆ. ಮರದೊಳಗೆ ಒಂದ್ಸಲ ಕೂತುಬಿಟ್ರೆ ಮತ್ತೆ ಆಚೆ ಬರೋದೇ ಇಲ್ಲ. ನಾಳೆ ಓದೋ ಮಕ್ಕಳಿಗೆ ಏನೂ ಆಗಲ್ಲ, ಎಲ್ಲಾ ಟೆಸ್ಟ್ ಮಾಡಿಸಿದೀವಿ."

"ಮಕ್ಕಳಿಗಿ ಆಗಂಗಿಲ್ಲ, ಖರೆ ರೀ. ನಮ್ಮೊಳಗ ಕುಂತದ್ದು?"

ಅವನು ಶೇಖರನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದ. ಶೇಖರ ಕನ್ನಡದಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಹೌದು ಸಾರ್, ದೊಡ್ಡ ರೋಗವೇ. ಕೈ ನೋಡಿದ್ರೆ ಗೊತ್ತಾಗುದಿಲ್ವಾ? ಮುಚ್ಚಿಟ್ಟು ಕೆಲಸಕ್ಕೆ ಬಂದಿದ್ದಾಳೆ ಕಳ್ಳಿ."

"ಪಾಪ," ಅಂದ ಜಯಸಿಂಹ. ನಿಜವಾಗಿಯೂ ಮರುಗಿದ ದನಿಯಲ್ಲೇ ಅಂದ. "ಬೈಬೇಡಿ. ಯಾವ್ದಾದ್ರೂ ಆಸ್ಪತ್ರೆ ಅಡ್ರೆಸ್ ಬರ್ದುಕೊಡಿ. ಆದ್ರೆ ನಾಲ್ಕು ಗಂಟೆ ಒಳಗೆ ಕಳಿಸಿಬಿಡಿ, ಆಯ್ತಾ?"

ಅವನು ಅತ್ತ ಹೋದದ್ದೇ ತಡ, ಶೇಖರ ಹೆಂಗಸರ ಕಡೆ ಬೆರಳು ಚಾಚಿದ. "ಕೇಳಿತಲ್ಲ? ಇವಳು ಗಂಟು ಕಟ್ಟಿ ಹೊರಡ್ತಾಳೆ. ಇವಳನ್ನು ಮುಟ್ಟಿದವಳೂ ಇವಳ ಹಿಂದೆಯೇ ಗೇಟಿನ ಹೊರಗೆ."

"ಶೇಖರಣ್ಣ, ಅದು ರೋಗ ಅಲ್ಲ, ಆ ಮದ್ದು..." ಎಂದು ಐತ ಎದ್ದ.

"ನೀನು ಕೂತ್ಕೊ. ನಿನ್ನ ಜಾತಿಗೆ ಯಾವ ರೋಗ ತಾನೇ ರೋಗ!"

ಐತ ಕೂತ.

ಹೆಂಗಸರ ತಗಡಿನ ಗೂಡುಗಳು ಕಂಪೌಂಡು ಗೋಡೆಯ ಬುಡದಲ್ಲಿದ್ದವು. ಊಟದ ಹೊತ್ತಿಗೆ ಕಾಶವ್ವ ಅಲ್ಲಿಗೆ ಬಂದಾಗ ಅವಳ ತಟ್ಟೆ, ಚರಿಗೆ, ಕೌದಿ ಆಗಲೇ ಹೊರಗೆ ಬಿದ್ದಿದ್ದವು. ಎರಡು ವರ್ಷ ಒಂದೇ ಕೌದಿಯಡಿ ಮಲಗಿದ ಚನ್ನವ್ವ ಅವನ್ನು ಕೋಲಿನಿಂದ ನೂಕಿದ್ದಳು. ಕೋಲು ಇನ್ನೂ ಅವಳ ಕೈಯಲ್ಲೇ ಇತ್ತು.

"ಹತ್ರ ಬರಬ್ಯಾಡ ತಂಗಿ. ನಂಗೂ ಹೊಟ್ಟಿ ಅದ."

"ಬರಂಗಿಲ್ಲ," ಅಂದಳು ಕಾಶವ್ವ.

ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಕೈಯಲ್ಲಿ ಹತ್ತಿದ ಜಡ್ಡು ಮೆಲ್ಲಗೆ ಒಳಗೂ ಏರಿದೆಯೋ ಏನೋ ಎಂದುಕೊಂಡಳು. ಗಂಡ ಸತ್ತ ದಿನ ಎಷ್ಟು ಬಾಯಿ ಬಡಕೊಂಡಿದ್ದಳು! ಈಗ ಕೂತು ಸೀರೆ ಮಡಿಸುತ್ತಿದ್ದಾಳೆ. ಮಡಿಸಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸಿದಳು. ಎಲ್ಲಿಗೆ ಹೋಗುವುದು? ಊರಿಗೆ ಹೋದರೆ ಸಾಬವ್ವನ ಗುಡಿಸಲಿದೆ. ಇಲ್ಲೇ ಇದ್ದರೆ ಬಾಂದ್ರಾ ಸ್ಟೇಷನ್ನಿನ ಮೆಟ್ಟಿಲಿದೆ.

ಚನ್ನವ್ವ ಬೆನ್ನು ತಿರುಗಿಸಿ ಒಲೆ ಮುಂದೆ ಕೂತಳು. ಹಸಿರು ತುಂಡು ಧಗಧಗ ಉರಿಯುತ್ತಿತ್ತು. ರೊಟ್ಟಿ ಹಾಕಿ, ಹಂಚು ವಾಲಿತೆಂದು ಅದರ ಅಂಚು ಹಿಡಿದು ಸರಿಮಾಡಿದಳು. ಬರಿಗೈಯಲ್ಲಿ. ಹಿಡಿದ ಕೈ ಹಿಡಿದೇ ಇತ್ತು. ಸೀದ ವಾಸನೆ ಬಂತು. ಅದು ರೊಟ್ಟಿಯ ವಾಸನೆ ಅಲ್ಲ.

"ಚನ್ನವ್ವ," ಅಂದಳು ಕಾಶವ್ವ. "ಕೈ ಸುಡಾಕತ್ತದ."

ಚನ್ನವ್ವ ತನ್ನ ಬೆರಳು ನೋಡಿಕೊಂಡಳು. ತಟ್ಟನೆ ಕೈ ಎಳೆದು "ಹಾಯ್!" ಅಂದಳು. ತಡವಾಗಿ ಅಂದಳು. ಅದು ಇಬ್ಬರಿಗೂ ಗೊತ್ತಾಯಿತು.

ಕಾಶವ್ವ ಗಂಟಿನಿಂದ ಕೌದಿ ಹೊಲಿಯುವ ದಬ್ಬಣದಂಥ ಸೂಜಿ ತೆಗೆದಳು. "ಕೈ ಚಾಚು. ಕಣ್ಣು ಮುಚ್ಚು."

"ಮುಟ್ಟಬ್ಯಾಡ ಅಂದ್ನೆಲ್ಲ..."

"ಮುಚ್ಚು ಅಂದ್ರ ಮುಚ್ಚು."

ಚನ್ನವ್ವ ಮುಚ್ಚಿದಳು. ಒಲೆಯ ಸುತ್ತ ಇದ್ದವರೆಲ್ಲ ತುತ್ತು ಬಿಟ್ಟು ನೋಡಿದರು.

"ಚುಚ್ಚಿದ್ನೋ ಇಲ್ಲೋ?"

"ಇನ್ನಾ ಎಲ್ಲಿ ಚುಚ್ಚೀದಿ ನೀ?"

"ಕಣ್ಣು ತಗಿ."

ಸೂಜಿ ಅವಳ ಅಂಗೈಯಲ್ಲಿ ನೆಟ್ಟಗೆ ನಿಂತಿತ್ತು. ಚನ್ನವ್ವ ಅದನ್ನೇ ನೋಡಿದಳು. ಕೂಗಲಿಲ್ಲ. "ಯವ್ವಾ, ನಂದು ದೀಪಾವಳಿಯಿಂದ ಹಿಂಗೇ ಅದ," ಅಂದಳು ಮೆಲ್ಲಗೆ. "ನೀ ಎಲ್ಲಿ ನನ್ನ ಹೊರಗ ಹಾಕ್ತೀಯೋ ಅಂತ ಹೇಳ್ಲಿಲ್ಲ."

ಆಮೇಲೆ ಒಬ್ಬೊಬ್ಬರೇ ಬಂದರು. ಯಾರೂ ಕರೆಯಲಿಲ್ಲ. ಒಬ್ಬಳು ಕೈ ಚಾಚಿದಳು, ಒಬ್ಬಳು ಅಂಗಾಲು ತೋರಿಸಿದಳು. ಒಬ್ಬಳು ತನ್ನ ಕೂಸು ಬಿಸಿಯೋ ತಣ್ಣಗೋ ಎಂದು ಮೊಣಕೈಯಿಂದ ಮುಟ್ಟಿ ನೋಡುತ್ತೇನೆ ಎಂದಳು. ಪ್ರತಿಯೊಬ್ಬಳೂ ತನ್ನೊಬ್ಬಳಿಗೇ ದೊಡ್ಡ ರೋಗ ಬಂದಿದೆಯೆಂದು ಉಳಿದವರಿಂದ ಬಚ್ಚಿಟ್ಟಿದ್ದಳು. ಪಕ್ಕಪಕ್ಕದಲ್ಲಿ ಮಲಗಿ ಬಚ್ಚಿಟ್ಟಿದ್ದಳು. ಸೂಜಿ ಹನ್ನೆರಡು ಕೈ ದಾಟಿ ಚಂಪಾಳ ಹತ್ತಿರ ಬಂತು. ಚಂಪಾ ಕೆಲಸಕ್ಕೆ ಸೇರಿ ಎಂಟು ದಿನವಾಗಿತ್ತು. ಸೂಜಿ ತಾಗಿದ್ದೇ "ಅಯ್ಯಯ್ಯೋ ಸತ್ತೆ!" ಎಂದು ಅವಳು ಹಾರಿ ಬಿದ್ದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹದಿಮೂರು ಮಂದಿಗಿ ಒಮ್ಮೆಲೇ ದೊಡ್ಡ ರೋಗ ಬರ್ತದೇನ?" ಕಾಶವ್ವ ಕೇಳಿದಳು. "ಅದೂ ತಿಂಗಳುಗಟ್ಲೆ ಟಾಕ್ಯಾಗ ಕೈ ಹಾಕಿದವರಿಗಷ್ಟೇ?"

ಚನ್ನವ್ವ ಚರಿಗೆ ತುಂಬ ನೀರು ತಂದು ಹಸಿರು ತುಂಡು ಉರಿಯುತ್ತಿದ್ದ ಒಲೆಗೆ ಸುರಿದಳು. ಅರ್ಧ ಬೆಂದ ರೊಟ್ಟಿ ತೇಲಿತು. ಆಮೇಲೆ ಹೊರಗೆ ಬಿದ್ದಿದ್ದ ಕೌದಿಯನ್ನು ಕೊಡವಿ ಒಳಗೆ ತಂದು ಹಾಕಿದಳು.

"ನಾಲ್ಕಕ್ಕ ದೊಡ್ಡ ಮಂದಿ ಬರ್ತಾರಂತಲ್ಲ," ಅಂದಳು. "ಬರ್ಲಿ ಅವರು."

ನಾಲ್ಕಕ್ಕೆ ಐದು ನಿಮಿಷವಿರುವಾಗ ಶೇಖರ ಗೋಣಿಚೀಲ ತಂದು ಹಳದಿ ರಬ್ಬರಿನ ಕೈಗವಸುಗಳನ್ನು ನೆಲಕ್ಕೆ ಸುರಿದ. ಫೋಟೋ ತೆಗೆಯುವವರು ಬಂದಾಗಲೆಲ್ಲ ಅವು ಬರುತ್ತಿದ್ದವು, ಅವರು ಹೋದ ಮೇಲೆ ಎಣಿಸಿಕೊಂಡು ಸ್ಟೋರಿಗೆ ಹೋಗುತ್ತಿದ್ದವು. "ಹಾಕ್ಕೊಳ್ಳಿ, ಬೇಗ. ಹಲ್ಲು ಬಿಟ್ಟು ನಿಲ್ಲಿ." ಸಾಲಿನ ನಡುವೆ ಕಾಶವ್ವನನ್ನು ಕಂಡು ಅವನ ಮುಖ ಕಪ್ಪಿಟ್ಟಿತು. "ನೀನು ಇನ್ನೂ ಹೋಗಲಿಲ್ವಾ ರಂಡೆ? ಚಪ್ಪಲಿಯಲ್ಲಿ..." ಎನ್ನುವಷ್ಟರಲ್ಲಿ ಗೆಸ್ಟುಗಳು ಶೆಡ್ಡಿನ ಬಾಗಿಲಿಗೆ ಬಂದುಬಿಟ್ಟಿದ್ದರು. ಅವನು ಮಾತು ನುಂಗಿ ನಕ್ಕ.

ಕೈಗವಸುಗಳು ನೆಲದಲ್ಲೇ ಬಿದ್ದಿದ್ದವು. ಬಂದವರಲ್ಲಿ ಒಬ್ಬ ಬಿಳಿಯ ಹೆಂಗಸು, ಒಬ್ಬ ದಿಲ್ಲಿಯವನು, ಕಾಲೇಜಿನ ಇಬ್ಬರು ಟ್ರಸ್ಟಿಗಳು. ಜಯಸಿಂಹ ಹೊಸ ಕಂಬವೊಂದರ ಮೈ ತಟ್ಟಿ ತಟ್ಟಿ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ಬಿಳಿಯ ಹೆಂಗಸು ಮರವನ್ನು ಮೂಸಿ ನೋಡಿ ಕಣ್ಣು ಮುಚ್ಚಿದಳು. ಹೆಂಗಸರ ಸಾಲಿನ ಮುಂದೆ ಬಂದಾಗ ಜಯಸಿಂಹ ಕಾಶವ್ವನನ್ನು ಗುರುತಿಸಿದ.

"ಏನಮ್ಮ, ನೀನಿನ್ನೂ ಹೊರಡ್ಲಿಲ್ವಾ?" ಎಂದ, ಮೆಲ್ಲಗೆ, ನಗುನಗುತ್ತಲೇ.

ಕಾಶವ್ವ ಅವನ ಮುಂಗೈ ಹಿಡಿದಳು. ಕೈ ಸತ್ತ ಮೇಲೆ ಹಿಡಿತದ ಅಳತೆ ಎಲ್ಲಿಂದ ಬರಬೇಕು? ಎಷ್ಟು ಬಿಗಿಯಾಗಿ ಹಿಡಿದಿದ್ದೇನೆಂದು ಅವಳಿಗೆ ತಿಳಿದದ್ದು ಅವನ ಮುಖ ನೋಡಿದ ಮೇಲೇ. ಅವನ ಅಂಗೈಯನ್ನು ಮೇಲೆ ಮಾಡಿ ಸೂಜಿ ಚುಚ್ಚಿದಳು.

"ಸ್ಸ್... ಅಮ್ಮಾ!"

"ನೋವಾತೇನ್ರೀ?"

ಅವನ ಅಂಗೈ ನಡುವೆ ಒಂದು ಹನಿ ರಕ್ತ ಮೂಡಿತು. ಕಾಶವ್ವ ಅವನ ಕೈ ಬಿಟ್ಟಳು. ಅದೇ ಸೂಜಿಯನ್ನು ಅವನ ಬೆರಳುಗಳ ನಡುವೆ ಸಿಕ್ಕಿಸಿ ತನ್ನ ಅಂಗೈ ಚಾಚಿದಳು.

"ಈಗ ನಂಗ ಚುಚ್ಚರಿ. ಎಲ್ಲಿ ಬೇಕಲ್ಲಿ ಚುಚ್ಚರಿ. ನಾ ಹಾಯ್ ಅಂದ್ರ ಈ ಕ್ಷಣ ಗೇಟಿನ ಹೊರಗ ಹೋಗ್ತೀನಿ."

ಶೇಖರ ಕೈ ಎತ್ತಿಕೊಂಡು ನುಗ್ಗಿದ. ಕಿವಿಗೆ ಬಟ್ಟೆ ಕಟ್ಟಿಕೊಂಡ ಐತ ತೊಲೆ ತಳ್ಳುವ ಗಾಡಿಯನ್ನು ಅವನ ಕಾಲಿಗೆ ಅಡ್ಡ ತಂದು ನಿಲ್ಲಿಸಿದ. "ನೀವು ಸ್ವಲ್ಪ ನಿಲ್ಲಿ ಶೇಖರಣ್ಣ," ಅಂದ.

ಬಿಳಿಯ ಹೆಂಗಸು ಏನೋ ಕೇಳಿದಳು. ದಿಲ್ಲಿಯವನೂ ಅದನ್ನೇ ಕೇಳಿದ, ಈ ಹೆಂಗಸರು ಏನು ಕೇಳುತ್ತಿದ್ದಾರೆ ಎಂದು. ಜಯಸಿಂಹನಿಗೆ ಎರಡೂ ಭಾಷೆ ಬರುತ್ತಿತ್ತು. ಎರಡರಲ್ಲೂ ಅವನ ಬಾಯಿಂದ ಮಾತು ಹೊರಡಲಿಲ್ಲ. ಸೂಜಿ ಹಿಡಿದ ಕೈ ಹಾಗೇ ಗಾಳಿಯಲ್ಲಿತ್ತು, ಅದರ ಕೆಳಗೆ ಕಾಶವ್ವನ ಅಂಗೈ ಇತ್ತು. ಅವಳ ಹಿಂದೆ ಚನ್ನವ್ವ ಬಂದು ನಿಂತು ಅಂಗೈ ಚಾಚಿದಳು. ಚನ್ನವ್ವನ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು, ಶೆಡ್ಡಿನ ಬಾಗಿಲು ದಾಟಿ ಟಾಕಿಯವರೆಗೆ.

"ಬಿರ್ರನ ಚುಚ್ಚರಿ ಸಾಹೇಬ್ರ," ಅಂದಳು ಚನ್ನವ್ವ. "ಹಿಂದ ಪಾಳಿ ಭಾಳ ಅದ."